ಸಾಗರದ ಕಡೆಯಿಂದ ಬಂದ ಭೂಮಣ್ಣಿ ಬುಟ್ಟಿ

ಸುತ್ತಿದ ಹಳೇ ಸೀರೆ ಬಿಚ್ಚಿದ ಕೂಡಲೇ ಬೆರಳಿಗೆ ಕೆಮ್ಮಣ್ಣು ಅಂಟಿತು. ಇದು ಅಸಲಿ ಅಂತ ಆಗಲೇ ಗೊತ್ತಾಯಿತು.

ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಒಂದು ಚಿತ್ತಾರದ ಬುಟ್ಟಿ ತಗೊಂಡಿದ್ದೆ. ನೈಸರ್ಗಿಕ ಬಣ್ಣ ಅಂತ ಬರೆದಿದ್ದರು. ಒದ್ದೆ ಬಟ್ಟೆಯಲ್ಲಿ ತಿಕ್ಕಿದರೂ ಒಂದು ಚೂರು ಬಣ್ಣ ಬಿಡಲಿಲ್ಲ, ಪ್ಲಾಸ್ಟಿಕ್ ಥರ ಮಿನುಗುತ್ತಿತ್ತು. ಅಜ್ಜಿ ಬರೆದ ಬುಟ್ಟಿ ನೋಡುತ್ತಾ ಬೆಳೆದವಳು ನಾನು. ತುಂಬಾ ಬೇಜಾರಾಯಿತು. ಅದಕ್ಕೇ ಈ ಸಲ ಸಾಗರ ತಾಲೂಕಿನ ಹಳ್ಳಿಯಲ್ಲಿ ಚಿತ್ತಾರ ಬರೆಯುವ ಅಕ್ಕ ಒಬ್ಬರಿಗೆ ನೇರವಾಗಿ ಫೋನ್ ಮಾಡಿದೆ. ದೊಡ್ಡ ಭೂಮಣ್ಣಿ ಬುಟ್ಟಿ, ಚಿಕ್ಕ ಹಚ್ಚಂಬಲಿ ಬುಟ್ಟಿ, ಜೋಡಿಗೆ 3,200 ರೂಪಾಯಿ. ಬಸ್ ಪಾರ್ಸೆಲ್ ಖರ್ಚು ಬೇರೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನಮ್ಮ ಮಲೆನಾಡಿನ ದೀವರು ಅನ್ನುವ ರೈತ ಸಮುದಾಯದ ಮನೆಗಳಲ್ಲಿ ಮದುವೆಗೆ ಹಸೆಗೋಡೆ (ಮದುಮಕ್ಕಳನ್ನು ಕೂರಿಸುವ ಜಾಗದ ಗೋಡೆ) ಮೇಲೆ ಚಿತ್ತಾರ ಬರೆಯುತ್ತಾರೆ, ಮಹಾನವಮಿ ಆದ ಮೇಲೆ ಬರುವ ಭೂಮಿ ಹುಣ್ಣಿಮೆಗೆ ಬುಟ್ಟಿ ಮೇಲೆ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆಯಾಗಿರುತ್ತದೆ, ಅಂದರೆ ತೆನೆ ಇನ್ನೂ ಪೈರಿನ ಒಳಗೇ ಇರುತ್ತದೆ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ ಹಾಕಬೇಕು ಅಂತ ನಂಬಿಕೆ. ಊಟ ಹೋಗುವುದು ಈ ಬುಟ್ಟಿಗಳಲ್ಲೇ. ದೊಡ್ಡದರಲ್ಲಿ ಎಡೆ, ಚಿಕ್ಕದರಲ್ಲಿ ಗದ್ದೆಗೆ ಬೀರುವ ಸೊಪ್ಪು ತರಕಾರಿಯ ಹಚ್ಚಂಬಲಿ.

ಈಗ ಬುಟ್ಟಿಯ ವಿಷಯ. ಬಿದಿರಿನ ಹೆಣಿಗೆ ಗಟ್ಟಿ ಇದೆ. ಅದರ ಮೇಲೆ ಸಗಣಿ ಬಳಿದು, ಒಣಗಿಸಿ, ಕೆಮ್ಮಣ್ಣು ಹಚ್ಚಿದ್ದಾರೆ. ಬಿಳಿ ಗೆರೆಗೆ ಅಕ್ಕಿ ನೆನೆಸಿ ಅರೆದ ಹಿಟ್ಟು. ಕಪ್ಪಿಗೆ ಅಕ್ಕಿಯನ್ನೇ ಕರಿ ಆಗುವ ತನಕ ಹುರಿದು ಅರೆಯುತ್ತಾರೆ. ಹಳದಿ ಗುರಿಗೆ ಮರದ ಬೀಜದ್ದು. ಕುಂಚ ಪುಂಡಿ ಗಿಡದ ನಾರಿನದು.

ಕಿಟಕಿ ಹತ್ತಿರ ಹಿಡಿದು ನೋಡಿದರೆ ಬಿಳಿ ಎಳೆ ಮಣ್ಣಿನಿಂದ ಸ್ವಲ್ಪ ಮೇಲೆದ್ದು ಕಾಣುತ್ತದೆ, ದಾರ ಅಂಟಿಸಿದ ಹಾಗೆ. ಬೆರಳಾಡಿಸಿದರೆ ತರಿತರಿ. ಭತ್ತದ ತೆನೆ ಬರೆದ ಕಡೆ ಗೆರೆ ಸಣ್ಣಗೆ ಹೋಗುತ್ತಾ ಹೋಗುತ್ತಾ ಒಂದು ಕಡೆ ತಟಕ್ಕನೆ ದಪ್ಪ ಆಗಿದೆ. ಅಕ್ಕ ಅಲ್ಲಿ ಕುಂಚ ಮತ್ತೆ ಅದ್ದಿದ್ದಾರೆ. ಇಡೀ ಬುಟ್ಟಿಯಲ್ಲಿ ನನಗೆ ಅತಿ ಇಷ್ಟವಾದ ಜಾಗ ಅದು. ನಮ್ಮಜ್ಜಿಯೂ ಹಾಗೇ, ಉಸಿರು ಬಿಗಿಹಿಡಿದು ಎಳೆದು, ಹಿಟ್ಟು ಮುಗಿದ ಮೇಲೇ ಕೈ ಎತ್ತುತ್ತಿದ್ದರು.

ಎಂಟು ತಿಂಗಳಾಯಿತು. ಕೆಂಪು, ಕಪ್ಪು ಹಾಗೇ ಇವೆ. ಹಳದಿ ಮಾತ್ರ ಬಿಸಿಲು ಬೀಳುವ ಕಡೆ ಮಾಸಿದೆ. ದಾರಿಯಲ್ಲೇ ಚಿಕ್ಕ ಬುಟ್ಟಿಯ ಅಂಚಿನಲ್ಲಿ ಎರಡು ಬೆರಳಗಲ ಬಿಳಿ ಉದುರಿತ್ತು. ಸೀರೆಯ ಜೊತೆ ಒಂದು ರಟ್ಟಿನ ಪೆಟ್ಟಿಗೆ ಇದ್ದಿದ್ದರೆ ಉದುರುತ್ತಿರಲಿಲ್ಲ. ಮಳೆಗಾಲದಲ್ಲಿ ಜಿರಳೆ ಅಕ್ಕಿಹಿಟ್ಟು ಕೆರೆಯಲು ಶುರು ಮಾಡಿತು. ಫೋನ್ ಮಾಡಿದರೆ ಅಕ್ಕ, "ಅಡುಗೆಮನೆಯಲ್ಲಿ ಯಾಕೆ ಇಟ್ಟೆ ತಂಗಿ? ಗಾಳಿ ಆಡೋ ಕಡೆ ತೂಗುಹಾಕು" ಅಂದರು. ಈಗ ಹಜಾರದಲ್ಲಿ ತೂಗುತ್ತಿದೆ, ತೊಂದರೆ ಇಲ್ಲ. ಇಂಥ ಮಾತನ್ನು ಒಂದು ಚೀಟಿಯಲ್ಲಿ ಬರೆದು ಕಳಿಸಿದರೆ ಪೇಟೆಯವರಿಗೆ ಅನುಕೂಲ.

ಬೆಲೆ ಜಾಸ್ತಿ ಅಂತ ನನ್ನ ತಮ್ಮ ಅಂದ. ನನಗೆ ಹಾಗನಿಸಲಿಲ್ಲ. ಮಣ್ಣು ಸೋಸಿ, ಅಕ್ಕಿ ಅರೆದು, ನಾರು ತೆಗೆದು ಕುಂಚ ಕಟ್ಟಿ, ಆಮೇಲೆ ಒಂದೊಂದೇ ಎಳೆ ಬರೆಯಬೇಕು. ಚೌಕಾಸಿ ಮಾಡಬೇಡಿ, ದಯವಿಟ್ಟು.

ಬೇಕು ಅನ್ನುವವರು ಮಹಾನವಮಿಗೆ ಒಂದು ತಿಂಗಳು ಮೊದಲೇ ಹೇಳಿಡಿ. ಆಮೇಲೆ ಅವರು ಹೊರಗಿನ ಕೆಲಸ ಹಿಡಿಯುವುದಿಲ್ಲ, ಸ್ವಂತ ಮನೆಯ ಬುಟ್ಟಿ ಬರೆಯಲು ಕೂತಿರುತ್ತಾರೆ.