ವನ್‌ಲುಕ್: ಅಕ್ಷರಗಳಿಂದ ಇಂಗ್ಲಿಷ್ ಪದ ಹುಡುಕುವವರಿಗೆ ಒಂದು ತಾಣ

ಇಂಗ್ಲಿಷ್ ಪದದಾಟಗಳನ್ನು ಆಡುವವರೆಲ್ಲ ಕೇಳುವ ಪ್ರಶ್ನೆ ಮೇಲುನೋಟಕ್ಕೆ ಒಂದೇ: ಈ ಅಕ್ಷರಗಳಿರುವ ಪದ ಯಾವುದು? ಆದರೆ ಸ್ಕ್ರ್ಯಾಬಲ್ ಆಡುವವರು ತಮ್ಮ ಮುಂದಿರುವ ಏಳು ಬಿಲ್ಲೆಗಳಿಂದ ಕಟ್ಟಬಹುದಾದ ಪದವನ್ನು ಹುಡುಕುತ್ತಿರುತ್ತಾರೆ. ಐದಕ್ಷರದ ಗುಟ್ಟಿನ ಪದವನ್ನು ಊಹಿಸುವ ವರ್ಡಲ್ ಆಡುವವರಿಗೆ ಗೊತ್ತಾದ ಒಂದೆರಡು ಅಕ್ಷರಗಳ ಜೊತೆಗೆ ಗೊತ್ತಿಲ್ಲದ ಅಕ್ಷರಗಳೂ ಸೇರಿದ ಪದ ಬೇಕಾಗಿರುತ್ತದೆ. ಪದಬಂಧ ಬಿಡಿಸುವವರಿಗೆ ಯಾವ ಮನೆಯಲ್ಲಿ ಯಾವ ಅಕ್ಷರ ಕುಳಿತಿದೆ ಎಂಬುದೇ ಮುಖ್ಯ. ಜಿ, ಎಚ್, ಟಿ ಎಂಬ ಮೂರು ಅಕ್ಷರಗಳನ್ನು ಕೊಟ್ಟಾಗ ಅವು ಅದೇ ಕ್ರಮದಲ್ಲಿ ಒಟ್ಟಿಗೆ ಬರುವ 'ನೈಟ್', 'ಲೈಟ್'ಗಳು ಬೇಕೋ, ಚದುರಿಕೊಂಡಿರುವ 'ಥಿಂಗ್' ಕೂಡ ಆಗಬಹುದೋ ಎಂಬುದನ್ನು ಕೇಳುವವರೇ ಸ್ಪಷ್ಟಪಡಿಸಬೇಕು. ಅದನ್ನು ಸ್ಪಷ್ಟಪಡಿಸಲು ಅವಕಾಶವನ್ನೇ ಕೊಡದೆ, ಒಂದು ಪೆಟ್ಟಿಗೆ ಇಟ್ಟು ಅಕ್ಷರ ತುಂಬಿಸಿ ಎನ್ನುವ ಪದಶೋಧಕಗಳು ಅಂತರ್ಜಾಲದಲ್ಲಿ ಹೇರಳವಾಗಿವೆ. ವನ್‌ಲುಕ್ ನನಗೆ ಹಿಡಿಸಿದ್ದು ಈ ಒಂದು ವಿಷಯದಲ್ಲಿ: ಅಲ್ಲಿ ಪ್ರಶ್ನೆಯನ್ನು ಅದರ ಸರಿಯಾದ ರೂಪದಲ್ಲಿಯೇ ಕೇಳಬಹುದು.

1996ರಿಂದ ಚಾಲ್ತಿಯಲ್ಲಿರುವ ಈ ತಾಣ ಹುಟ್ಟಿದ್ದು ಆಟಗಳಿಗಾಗಿ ಅಲ್ಲ. ಹಲವಾರು ನಿಘಂಟುಗಳಲ್ಲಿ ಒಂದು ಪದ ಎಲ್ಲೆಲ್ಲಿ ಸಿಗುತ್ತದೆ ಎಂಬುದನ್ನು ಒಂದೇ ಕಡೆ ತೋರಿಸುವುದು ಅದರ ಮೂಲ ಕೆಲಸ. ಬಳಸಲು ಹಣ ಕೊಡಬೇಕಿಲ್ಲ. ಪದದಾಟದವರಿಗೆ ಅದು ಆಪ್ತವಾಗಿರುವುದು ಹುಡುಕುವ ಪೆಟ್ಟಿಗೆಯಲ್ಲಿ ಪದದ ಬದಲು ಪದದ ಅಚ್ಚನ್ನೇ ಬರೆಯಬಹುದು ಎಂಬ ಕಾರಣಕ್ಕೆ. ಪ್ರಶ್ನಾರ್ಥಕ ಚಿಹ್ನೆ ಒಂದು ಗೊತ್ತಿಲ್ಲದ ಅಕ್ಷರಕ್ಕೆ ನಿಲ್ಲುತ್ತದೆ. ನಕ್ಷತ್ರ ಚಿಹ್ನೆ ಎಷ್ಟು ಅಕ್ಷರಗಳಿಗಾದರೂ ನಿಲ್ಲುತ್ತದೆ. ಅಲ್ಪವಿರಾಮವು ಒಂದು ಷರತ್ತಿಗೆ ಇನ್ನೊಂದನ್ನು ಜೋಡಿಸುತ್ತದೆ. ಕಳೆಯುವ ಚಿಹ್ನೆಯ ಮುಂದೆ ಬರೆದ ಅಕ್ಷರಗಳು ಉತ್ತರದಲ್ಲಿ ಇರಕೂಡದು. ಗಣಿತದ ಭಯವಿರುವವರಿಗೆ ಇದು ಮೊದಲು ಕಗ್ಗಂಟಿನಂತೆ ಕಾಣಬಹುದಾದರೂ, ಆರಂಭಕ್ಕೆ ಕಲಿಯಬೇಕಾದದ್ದು ಇಷ್ಟೇ.

ವರ್ಡಲ್‌ನ ಒಂದು ಸಂದರ್ಭವನ್ನು ತೆಗೆದುಕೊಳ್ಳೋಣ. ಅಲ್ಲಿ ಹಸಿರು ಎಂದರೆ ಅಕ್ಷರ ಸರಿಯಾದ ಮನೆಯಲ್ಲಿದೆ, ಹಳದಿ ಎಂದರೆ ಪದದಲ್ಲಿದೆ ಆದರೆ ಬೇರೆ ಮನೆಯಲ್ಲಿ, ಬೂದು ಎಂದರೆ ಪದದಲ್ಲಿ ಇಲ್ಲ. ಮೂರನೆಯ ಮನೆಯಲ್ಲಿ ಎ ಹಸಿರಾಗಿದೆ, ಎರಡನೆಯ ಮನೆಯಲ್ಲಿ ಇಟ್ಟ ಆರ್ ಹಳದಿಯಾಗಿದೆ, ಎಸ್, ಟಿ, ಇ ಮೂರೂ ಬೂದು ಬಣ್ಣಕ್ಕೆ ತಿರುಗಿವೆ. ಆಗ ಪೆಟ್ಟಿಗೆಯಲ್ಲಿ ಬರೆಯಬೇಕಾದದ್ದು ಹೀಗೆ: ಎರಡು ಪ್ರಶ್ನಾರ್ಥಕ, ಒಂದು ಎ, ಮತ್ತೆ ಎರಡು ಪ್ರಶ್ನಾರ್ಥಕ. ಅಲ್ಪವಿರಾಮ ಹಾಕಿ ಎರಡು ನಕ್ಷತ್ರಗಳ ನಡುವೆ ಒಂದು ಆರ್. ಇನ್ನೊಂದು ಅಲ್ಪವಿರಾಮದ ನಂತರ ನಕ್ಷತ್ರ, ಕಳೆಯುವ ಚಿಹ್ನೆ, ಬೇಡವಾದ ಮೂರು ಅಕ್ಷರಗಳು. 'ಚಾರ್ಮ್', 'ಗಾರ್ಡ್', 'ಚೇರ್', 'ಬ್ರಾಂಡ್' ಎಲ್ಲವೂ ಒಟ್ಟಿಗೆ ಬರುತ್ತವೆ. ಈ ಕೊನೆಯದು ಬರಬಾರದಿತ್ತು, ಏಕೆಂದರೆ ಅದರ ಎರಡನೆಯ ಅಕ್ಷರವೇ ಆರ್. ಅಕ್ಷರ ಪದದಲ್ಲಿದೆ, ಆದರೆ ಈ ಮನೆಯಲ್ಲಿ ಇಲ್ಲ ಎಂದು ಹೇಳುವ ನೇರ ಚಿಹ್ನೆಯನ್ನು ತಾಣದ ಸಹಾಯಪುಟದಲ್ಲಿ ನಾನು ಕಂಡಿಲ್ಲ. ಆರ್ ಮೊದಲನೆಯ, ನಾಲ್ಕನೆಯ ಅಥವಾ ಐದನೆಯ ಮನೆಯಲ್ಲಿ ಇರುವಂತೆ ಮೂರು ಅಚ್ಚುಗಳನ್ನು ಬೇರೆ ಬೇರೆಯಾಗಿ ಬರೆದು ಹುಡುಕುವುದು ಸರಳ ಉಪಾಯ. ವರ್ಡಲ್‌ಗೆಂದೇ ಮಾಡಿದ ಶೋಧಕಗಳು ಈ ಒಂದು ಅಂಶದಲ್ಲಿ ವನ್‌ಲುಕ್‌ಗಿಂತ ಮುಂದಿವೆ ಎಂಬುದನ್ನು ಒಪ್ಪಲೇಬೇಕು.

ಅಕ್ಷರಗಳನ್ನು ಕಲಸಿ ಪದ ಮಾಡುವ ಕೆಲಸಕ್ಕೆ ಎರಡು ಓರೆಗೆರೆಗಳನ್ನು (//) ಬಳಸಬೇಕು. ಓರೆಗೆರೆಗಳ ನಂತರ ಜೆ ಮತ್ತು ವೈ ಬರೆದು ಮೂರು ಪ್ರಶ್ನಾರ್ಥಕ ಇಟ್ಟರೆ ಆ ಎರಡು ಅಕ್ಷರಗಳು ಎಲ್ಲಿಯಾದರೂ ಇರುವ ಐದಕ್ಷರದ ಪದಗಳು, ಅಂದರೆ 'ಎಂಜಾಯ್', 'ಜೆಲ್ಲಿ', 'ಜ್ಯೂಸಿ' ಮುಂತಾದವು, ಬರುತ್ತವೆ. ಸ್ಕ್ರ್ಯಾಬಲ್‌ನ ಖಾಲಿ ಬಿಲ್ಲೆಯ ಕೆಲಸವನ್ನು ಇಲ್ಲಿ ಪ್ರಶ್ನಾರ್ಥಕವೇ ಮಾಡುತ್ತದೆ. ಏಳೂ ಬಿಲ್ಲೆಗಳನ್ನು ಒಂದೇ ಸಲ ಇಳಿಸಿದವರಿಗೆ 50 ಅಂಕ ಹೆಚ್ಚುವರಿಯಾಗಿ ಸಿಗುವುದರಿಂದ, ಪಳಗಿದ ಆಟಗಾರರು ಎಸ್, ಎ, ಟಿ, ಐ, ಎನ್, ಇ ಎಂಬಂತಹ ಹದವಾದ ಆರಕ್ಷರದ ಗುಂಪನ್ನು ಹಿಡಿದು ಏಳನೆಯದಾಗಿ ಯಾವ ಅಕ್ಷರ ಬಂದರೆ ಯಾವ ಪದವಾಗುತ್ತದೆ ಎಂದು ಮನನ ಮಾಡುತ್ತಾರೆ. ಈ ಗುಂಪಿಗೆ ಒಂದು ಪ್ರಶ್ನಾರ್ಥಕ ಸೇರಿಸಿ ಕೇಳಿದಾಗ ಡಿ ಸೇರಿದರೆ 'ಇನ್‌ಸ್ಟೆಡ್', 'ಸ್ಟೇನ್ಡ್', ಜಿ ಸೇರಿದರೆ 'ಸೀಟಿಂಗ್', 'ಟೀಸಿಂಗ್', ಆರ್ ಸೇರಿದರೆ 'ನ್ಯಾಸ್ಟಿಯರ್', 'ರಿಟೇನ್ಸ್' ಎಂದು ಸಾಲಾಗಿ ಸಿಗುತ್ತವೆ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಬಳಕೆ ನನಗೆ ಹೊಳೆಯುವುದಿಲ್ಲ. ಎದುರಾಳಿಯೊಂದಿಗೆ ಆಡುತ್ತಿರುವಾಗಲೇ ತಾಣವನ್ನು ತೆರೆಯುವುದು ಬೇರೆ ಮಾತು. ಅದನ್ನು ಮೋಸ ಎನ್ನದೆ ಬೇರೇನೂ ಎನ್ನಲಾಗದು.

ನ್ಯೂಯಾರ್ಕ್ ಟೈಮ್ಸ್‌ನ ಸ್ಪೆಲ್ಲಿಂಗ್ ಬೀಯಲ್ಲಿ ಏಳು ಅಕ್ಷರಗಳಷ್ಟನ್ನೇ ಬಳಸಿ, ಬೇಕಾದರೆ ಮತ್ತೆ ಮತ್ತೆ ಬಳಸಿ, ನಡುವಿನ ಅಕ್ಷರ ಇರಲೇಬೇಕೆಂಬ ನಿಯಮದೊಂದಿಗೆ ಕನಿಷ್ಠ ನಾಲ್ಕಕ್ಷರದ ಪದಗಳನ್ನು ಕಟ್ಟಬೇಕು. ವನ್‌ಲುಕ್‌ನ ಕೂಡುವ ಚಿಹ್ನೆಯು ಅದರ ಮುಂದೆ ಬರೆದ ಅಕ್ಷರಗಳನ್ನು ಬಿಟ್ಟು ಬೇರೆ ಯಾವುದೂ ಬೇಡ ಎಂದು ಹೇಳುವುದರಿಂದ ಈ ಆಟಕ್ಕೆ ಹೇಳಿಮಾಡಿಸಿದಂತಿದೆ. ಪದಬಂಧ ಬಿಡಿಸುವವರಿಗೆ ವಿವರಣ ಚಿಹ್ನೆಯ, ಅಂದರೆ ಕೋಲನ್‌ನ, ಸೌಲಭ್ಯವಿದೆ: ಅಚ್ಚಿನ ನಂತರ ಆ ಚಿಹ್ನೆ ಹಾಕಿ ಸುಳಿವಿನ ಅರ್ಥವನ್ನು ಬರೆದರೆ, ಅಕ್ಷರಕ್ಕೂ ಅರ್ಥಕ್ಕೂ ಹೊಂದುವ ಪದಗಳು ಮೇಲೆ ಬರುತ್ತವೆ. ಅಕ್ಷರಗಳನ್ನಷ್ಟೇ ನೋಡುವ ಶೋಧಕಗಳು ಇಲ್ಲಿ ಹಿಂದೆ ಬೀಳುತ್ತವೆ.

ಇನ್ನು ಎಚ್ಚರಿಕೆಯ ವಿಷಯ. ಪದ ಇದೆಯೇ ಎಂಬ ಪ್ರಶ್ನೆಗೂ ಆ ಪದ ಈ ಆಟದಲ್ಲಿ ಸಲ್ಲುತ್ತದೆಯೇ ಎಂಬ ಪ್ರಶ್ನೆಗೂ ಬಹಳ ಅಂತರವಿದೆ, ಮತ್ತು ವನ್‌ಲುಕ್ ಉತ್ತರಿಸುವುದು ಮೊದಲನೆಯದಕ್ಕೆ ಮಾತ್ರ. ಕ್ಯೂ ಇದ್ದು ಯು ಇಲ್ಲದ ಪದಗಳನ್ನು ಕೇಳಿ ನೋಡಿ. ಹತ್ತು ಅಂಕದ ಕ್ಯೂ ಬಿಲ್ಲೆ ಸ್ಕ್ರ್ಯಾಬಲ್‌ನ ನೂರು ಬಿಲ್ಲೆಗಳಲ್ಲಿ ಒಂದೇ ಒಂದು, ಯು ಇರುವುದು ನಾಲ್ಕು; ಆದ್ದರಿಂದ ಈ ಪಟ್ಟಿಗೆ ಆಟಗಾರರಲ್ಲಿ ಸದಾ ಬೇಡಿಕೆ. 'ಫಕೀರ್', 'ನಿಕಾಬ್', 'ತಲಾಕ್' ಎಂಬ, ನಮಗೆ ಅರ್ಥ ಹುಡುಕುವ ಅಗತ್ಯವೇ ಇಲ್ಲದ ಪದಗಳ ಜೊತೆಗೆ ಇರಾಕ್, ಕತಾರ್ ಎಂಬ ದೇಶಗಳ ಹೆಸರುಗಳೂ, ಎರಡು ಮೂರು ಪದಗಳು ಸೇರಿದ ನುಡಿಗಟ್ಟುಗಳೂ, ಸಂಕ್ಷೇಪಗಳೂ ನುಗ್ಗಿ ಬರುತ್ತವೆ. ನಿಘಂಟು ಮತ್ತು ವಿಶ್ವಕೋಶಗಳನ್ನೆಲ್ಲ ಜಾಲಾಡುವ ತಾಣಕ್ಕೆ ಇದು ಸಹಜವೇ, ಆದರೆ ಸ್ಕ್ರ್ಯಾಬಲ್ ಹಲಗೆಯ ಮೇಲೆ ಅಂಕಿತನಾಮಗಳಿಗೆ ಜಾಗವಿಲ್ಲ.

ಸಲ್ಲುವ ಪದಗಳಾದರೂ ಎಲ್ಲೆಡೆ ಒಂದೇ ಅಲ್ಲ. ಅಮೆರಿಕ ಮತ್ತು ಕೆನಡಾದ ಕ್ಲಬ್ಬುಗಳು ಹೆಚ್ಚಾಗಿ ಬಳಸುವ ನಾಸ್ಪಾ (ಉತ್ತರ ಅಮೆರಿಕದ ಸ್ಕ್ರ್ಯಾಬಲ್ ಆಟಗಾರರ ಸಂಘ) ಪಟ್ಟಿಯಲ್ಲಿ 2 ಲಕ್ಷಕ್ಕಿಂತ ತುಸು ಕಡಿಮೆ ಪದಗಳಿದ್ದರೆ, ಬ್ರಿಟನ್ ಮತ್ತು ಇತರ ಹೆಚ್ಚಿನ ದೇಶಗಳ ಸ್ಪರ್ಧೆಗಳಲ್ಲಿ ನಡೆಯುವ ಕಾಲಿನ್ಸ್ ಪಟ್ಟಿಯಲ್ಲಿ ಸುಮಾರು 2,80,000 ಪದಗಳಿವೆ. ಎರಡಕ್ಷರದ ಪದಗಳಲ್ಲಿಯೇ ಸುಮಾರು 20ರಷ್ಟು ವ್ಯತ್ಯಾಸವಿದೆ. ಝಡ್ ಮತ್ತು ಓ ಸೇರಿದ 'ಝೋ' ಕಾಲಿನ್ಸ್‌ನಲ್ಲಿ ಸಲ್ಲುತ್ತದೆ, ನಾಸ್ಪಾದಲ್ಲಿ ಸಲ್ಲುವುದಿಲ್ಲ. ವರ್ಡಲ್ ಆರಂಭವಾದಾಗ ಅದು ಊಹೆಯಾಗಿ ಒಪ್ಪುತ್ತಿದ್ದ ಪದಗಳು ಸುಮಾರು 13,000 ಇದ್ದರೂ ಉತ್ತರಗಳಾಗಿ ಆರಿಸಿಟ್ಟಿದ್ದವು ಸುಮಾರು 2,300 ಮಾತ್ರ. ಸ್ಪೆಲ್ಲಿಂಗ್ ಬೀಯಲ್ಲಂತೂ ಸಂಪಾದಕರು ತೀರ ಅಪರೂಪವೆಂದು ಕಂಡ ಪದಗಳನ್ನು ಕೈಬಿಡುವುದರಿಂದ, ನಿಘಂಟಿನಲ್ಲಿರುವ ಪದವೂ ತಿರಸ್ಕಾರಗೊಳ್ಳುತ್ತದೆ. ಆದ್ದರಿಂದ ವನ್‌ಲುಕ್‌ನಲ್ಲಿ ಸಿಕ್ಕಿದ್ದನ್ನು ಆಯಾ ಆಟದ ಪಟ್ಟಿಯೊಂದಿಗೆ ತಾಳೆ ನೋಡುವ ಕೆಲಸ ತಪ್ಪಿದ್ದಲ್ಲ, ಮತ್ತು ಸ್ಕ್ರ್ಯಾಬಲ್ ಒಂದನ್ನೇ ಆಡುವವರಿಗೆ ಯಾವ ಪಟ್ಟಿಯನ್ನು ಆಧರಿಸಿದೆ ಎಂದು ಮೊದಲೇ ತಿಳಿಸುವ ಶೋಧಕವೇ ಹೆಚ್ಚು ಅನುಕೂಲ. ಅದನ್ನು ತಿಳಿಸದ ಶೋಧಕವನ್ನು, ಅದು ಎಷ್ಟೇ ಚೆಂದವಾಗಿರಲಿ, ನಾನು ನಂಬಲಾರೆ.

ಮೊಬೈಲಿನಲ್ಲಿ ಬಳಸುವವರಿಗೆ ಒಂದು ಸಣ್ಣ ಕಿರಿಕಿರಿ ಇದೆ: ಈ ಚಿಹ್ನೆಗಳೆಲ್ಲ ಕೀಲಿಮಣೆಯ ಇನ್ನೊಂದು ಪದರದಲ್ಲಿರುವುದರಿಂದ ಅಕ್ಷರಕ್ಕೂ ಚಿಹ್ನೆಗೂ ನಡುವೆ ಪದೇ ಪದೇ ಓಡಾಡಬೇಕು.

ಯಾವ ಶೋಧಕವೂ ಪೂರ್ತಿ ಬಿಡಿಸಲಾಗದ ಒಂದು ಸನ್ನಿವೇಶವಿದೆ. ವರ್ಡಲ್‌ನಲ್ಲಿ ಕೊನೆಯ ನಾಲ್ಕು ಅಕ್ಷರಗಳು ಐ, ಜಿ, ಎಚ್, ಟಿ ಎಂದು ಹಸಿರಾದಾಗ ವನ್‌ಲುಕ್ 'ಫೈಟ್', 'ಲೈಟ್', 'ಮೈಟ್', 'ನೈಟ್', 'ರೈಟ್', 'ಸೈಟ್', 'ಟೈಟ್' ಎಂದು ತಪ್ಪಿಲ್ಲದೆ ಪಟ್ಟಿ ಕೊಡುತ್ತದೆ, ಆದರೆ ಆಟದಲ್ಲಿ ಇರುವುದು ಒಟ್ಟು ಆರೇ ಅವಕಾಶ. ಇಲ್ಲಿ ಪಟ್ಟಿಯನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋಗುವುದಕ್ಕಿಂತ, ಎಫ್, ಆರ್, ಎಂ, ಎಸ್ ನಾಲ್ಕನ್ನೂ ಒಟ್ಟಿಗೆ ಒಳಗೊಂಡ ಐದಕ್ಷರದ ಪದವನ್ನು ಎರಡು ಓರೆಗೆರೆ ಮತ್ತು ಒಂದು ಪ್ರಶ್ನಾರ್ಥಕ ಬಳಸಿ ಕೇಳಿ, ಬರುವ 'ಫಾರ್ಮ್ಸ್' ಎಂಬ ಪದವನ್ನು ಊಹೆಯಾಗಿ ಇಟ್ಟರೆ ಒಂದೇ ಏಟಿಗೆ ನಾಲ್ಕು ಸಾಧ್ಯತೆಗಳು ಇತ್ಯರ್ಥವಾಗುತ್ತವೆ. ಹಾರ್ಡ್ ಮೋಡ್‌ನಲ್ಲಿ ಆಡುವವರಿಗೆ ಹಸಿರಾದ ಅಕ್ಷರಗಳನ್ನು ಬಿಟ್ಟುಕೊಡುವ ಅನುಮತಿ ಇಲ್ಲವಾದ್ದರಿಂದ ಈ ಉಪಾಯವೂ ಅವರ ಪಾಲಿಗಿಲ್ಲ.