ಜೋಳದ ಪೀಪಾಯಿಗೆ ಹುಳ ಹಿಡಿಯುವ ಕೊಳವೆ: ಧಾಯರಿಯ ಒಂದು ರೊಟ್ಟಿ ಮನೆಯಿಂದ

ಪುಣೆಯಲ್ಲಿ ರೊಟ್ಟಿ ಬಡಿದು ಮಾರುವವರಿಗೆ ಜೋಳ ಕೊಳ್ಳುವ ಕಾಲ ಒಂದೇ. ಹಿಂಗಾರಿ ಸುಗ್ಗಿ ಮುಗಿದು ಮಂಗಳವೇಢೆ, ಸೊಲ್ಲಾಪುರ ಕಡೆಯ ಮಾಲದಂಡಿ ಜೋಳ ಮಾರ್ಕೆಟ್ ಯಾರ್ಡಿಗೆ ಬಂದು ಬೀಳುವ ಬೇಸಿಗೆ. ಆಗ ತುಂಬಿಟ್ಟದ್ದೇ ದೀಪಾವಳಿ ದಾಟಬೇಕು, ನಡುವೆ ಇಡೀ ಮಳೆಗಾಲ ಇದೆ. ನನ್ನ ಕಣಜ ಎಂದರೆ ಅಡುಗೆಮನೆಯ ಹಿಂದಿನ ಬಾಲ್ಕನಿ, ಅಲ್ಲಿ 50 ಕಿಲೊ ಹಿಡಿಯುವ ನಾಲ್ಕು ಪ್ಲಾಸ್ಟಿಕ್ ಪೀಪಾಯಿ. ಜುಲೈ ಬಂತೆಂದರೆ ಅಲ್ಲಿ ಗೋಡೆಯೇ ಬೆವರುತ್ತದೆ.

ಈ ವರ್ಷ ನಾಲ್ಕಕ್ಕೂ ಒಂದೊಂದು ಪ್ರೋಬ್ ಟ್ರ್ಯಾಪ್, ಅಂದರೆ ಕಾಳಿನಲ್ಲಿ ಹುಗಿದಿಡುವ ಹುಳ ಹಿಡಿಯುವ ಕೊಳವೆ, ತರಿಸಿದೆ. ಇದನ್ನು ರೂಪಿಸಿದ್ದು ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ. ಮಾಡಿ ಮಾರುವವರು ಬೇರೆ ಬೇರೆ, ನಾನು ತರಿಸಿದ್ದು ಆನ್‌ಲೈನಿನಲ್ಲಿ, ನಾಲ್ಕೂ ಸೇರಿ 1000 ರೂಪಾಯಿ ಒಳಗೇ ಬಂದವು.

ನೋಡಲಿಕ್ಕೆ ಅದರಲ್ಲಿ ಏನೂ ಇಲ್ಲ. ಮೈತುಂಬ 2 ಮಿಲಿಮೀಟರಿನ ತೂತುಗಳಿರುವ ಕೊಳವೆ, ಮೇಲೆ ಕೆಂಪು ಮುಚ್ಚಳ, ತಳದಲ್ಲಿ ತಿರುಗಿಸಿ ಬಿಚ್ಚುವ ಬಿಳಿ ಬಟ್ಟಲು. ಮುಚ್ಚಳ ಕಾಳಿನ ಮಟ್ಟಕ್ಕೆ ಬರುವಂತೆ ನೆಟ್ಟಗೆ ಹುಗಿಯಬೇಕು. ಕಾಳಿನ ಸಂದಿಯಲ್ಲಿ ತಿರುಗಾಡುವ ಹುಳ ಗಾಳಿ ಇದ್ದತ್ತ ಸರಿಯುತ್ತದೆ, ತೂತಿನೊಳಗೆ ನುಗ್ಗಿ ಕೆಳಗೆ ಬೀಳುತ್ತದೆ, ಮತ್ತೆ ಮೇಲೇರುವ ದಾರಿ ಅದಕ್ಕೆ ಸಿಗುವುದಿಲ್ಲ. ವಾರಕ್ಕೊಮ್ಮೆ ಬಟ್ಟಲು ಬಿಚ್ಚಿ, ಬಿದ್ದದ್ದನ್ನು ಎಣಿಸಿ, ಸೋಪಿನ ನೀರಿಗೆ ಸುರಿದರೆ ಕೆಲಸ ಮುಗಿಯಿತು. ಔಷಧ ಬೇಡ, ಕರೆಂಟೂ ಬೇಡ.

ವಿಜಯಪುರದಿಂದ ಬಂದಿದ್ದ ಅವ್ವ ಇದನ್ನು ತಿರುಗಿಸಿ ಮುರುಗಿಸಿ ನೋಡಿ, “ಹೊರಗ ಅಡ್ಡಾಡೋವು ಬಿದ್ದಾವು, ಕಾಳಿನ ಹೊಟ್ಯಾಗಿನ್ವು ಏನ್ ಮಾಡ್ತೀಯವಾ?” ಅಂದಳು. ಈ ವಸ್ತುವಿನ ಬಗ್ಗೆ ಹೇಳಬೇಕಾದದ್ದೆಲ್ಲ ಆ ಮಾತಿನಲ್ಲೇ ಇದೆ. ಸೊಂಡಿಲ ಹುಳ ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಟ್ಟು, ಮೇಲೆ ಅಂಟಿನಿಂದ ಬಾಯಿ ಮುಚ್ಚಿಬಿಡುತ್ತದೆ. ಮರಿ ಬೆಳೆಯುವುದು, ಕೋಶವಾಗುವುದು ಎಲ್ಲ ಒಳಗೇ. ನಮ್ಮ ಮಳೆಗಾಲದ ಸೆಕೆಗೆ ಸುಮಾರು ತಿಂಗಳಲ್ಲಿ ಅದು ತೂತು ಮಾಡಿ ಹೊರಗೆ ಬರುತ್ತದೆ. ಅಲ್ಲಿಯವರೆಗೆ ಮೊರದಲ್ಲಿ ಕೇರಿದರೂ ಸಾಣಿಗೆ ಹಿಡಿದರೂ ಕಾಳು ಚೊಕ್ಕವಾಗಿಯೇ ಕಾಣುತ್ತದೆ. ಕೊಳವೆಗೂ ಅವು ಕಾಣುವುದಿಲ್ಲ, ಬೀಳುವುದು ದೊಡ್ಡ ಹುಳ ಮಾತ್ರ.

ಹಾಗಾದರೆ ಯಾಕೆ ಬೇಕು? ಯಾವ ಪೀಪಾಯಿ ಮೊದಲು ಗಿರಣಿಗೆ ಹೋಗಬೇಕು ಎಂದು ತಿಳಿಯಲಿಕ್ಕೆ. ಮೊದಲೆಲ್ಲ ಬಾಗಿಲ ಹತ್ತಿರ ಇದ್ದದ್ದು ಮೊದಲು ಖಾಲಿಯಾಗುತ್ತಿತ್ತು, ಗೋಡೆ ಬದಿಯದು ಕೊನೆಗೆ. ಈ ಸಲ ಆಷಾಢ ಹಿಡಿಯುತ್ತಲೇ ಗೋಡೆ ಬದಿಯ ಪೀಪಾಯಿಯ ಬಟ್ಟಲಲ್ಲಿ ಸೊಂಡಿಲ ಹುಳ ಕಾಣಿಸಿತು, ಉಳಿದ ಮೂರರಲ್ಲಿ ಇಲ್ಲ. ಕೈಯಲ್ಲಿ ಬಗೆದು ನೋಡಿದರೆ ಆ ಜೋಳದಲ್ಲೂ ಏನೂ ಸಿಗುತ್ತಿರಲಿಲ್ಲ. ಅದನ್ನು ಹಸನು ಮಾಡಿ ಮೊದಲು ಬೀಸಿಸಿದೆ. ಇನ್ನೊಂದರಲ್ಲಿ ಬಿದ್ದದ್ದು ಕೆಂಪು ಹಿಟ್ಟಿನ ಹುಳ. ಇದು ಇಡೀ ಕಾಳನ್ನು ಕೊರೆಯಲಾರದು, ಒಡೆದ ಕಾಳು ಮತ್ತು ಪುಡಿ ಇದರ ಊಟ. ಅಂದರೆ ಅಂಗಡಿಯವನು ಕೊಟ್ಟ ಚೀಲದಲ್ಲಿ ನುಚ್ಚು ಜಾಸ್ತಿ ಇದೆ ಎಂದರ್ಥ. ಸಾಣಿಗೆ ಹಿಡಿದು ನುಚ್ಚು ತೆಗೆದ ಮೇಲೆ ಅದು ಕಡಿಮೆಯಾಯಿತು. ಈ ಹುಳ ಹೆಚ್ಚಾದ ಹಿಟ್ಟಿಗೆ ಒಂದು ಘಾಟು ಬರುತ್ತದೆ. ಖಡಕ್ ರೊಟ್ಟಿಯಲ್ಲಿ ಆ ವಾಸನೆಯನ್ನು ಗಿರಾಕಿ ಮೊದಲ ತುತ್ತಿಗೇ ಹಿಡಿಯುತ್ತಾರೆ.

25 ಕಿಲೊ ಡಬ್ಬಿಗೆ ಎರಡು-ಮೂರು ಕೊಳವೆ ಹಾಕಿ ಎನ್ನುತ್ತದೆ ಶಿಫಾರಸು. ಹಿಡಿದು ಕಡಿಮೆ ಮಾಡಬೇಕೆಂದರೆ ಅಷ್ಟು ಬೇಕಾದೀತು, ಸುಳಿವಿಗೆ ನನಗೆ ಒಂದು ಸಾಕು.

ಕೊರತೆಗಳೂ ಇವೆ. ನಾಲ್ಕರಲ್ಲಿ ಒಂದರ ಬಟ್ಟಲಿನ ತಿರುಪು ಸಡಿಲ, ಎತ್ತುವಾಗ ಕಳಚಿ ಜೋಳದೊಳಗೇ ಉಳಿಯಿತು. ಮೊಣಕೈವರೆಗೆ ಕೈ ಹಾಕಿ ಹುಡುಕಿದ್ದಾಯಿತು. ಮಾರಿದವರಿಗೆ ಫೋಟೊ ಕಳಿಸಿದರೆ ಉತ್ತರವೇ ಇಲ್ಲ. ಕೊಂಡ ಕೂಡಲೇ ತಿರುಪು ಪರೀಕ್ಷಿಸಿ. ರಾಗಿಗೆ ಇದು ನಡೆಯುವುದಿಲ್ಲ, ರಾಗಿ ಕಾಳೇ ತೂತಿನಲ್ಲಿ ಇಳಿದು ಬಟ್ಟಲು ತುಂಬುತ್ತದೆ. ರವೆಯ ಕಥೆಯೂ ಅದೇ.

ಗಾಳಿಯಾಡದ ಚೀಲ ಬಳಸುವವರು ಇದನ್ನು ತರಲೇಬೇಡಿ. ನಮ್ಮೂರಲ್ಲಿ ನೆಲದಡಿ ಕಾಳು ತುಂಬಿಡುವ ಹಗೇವಿನ ಗುಟ್ಟೇ ಆ ಚೀಲದ್ದೂ: ಬಾಯಿ ಮುಚ್ಚಿದ ಮೇಲೆ ಕಾಳು, ಹುಳ ಸೇರಿ ಒಳಗಿನ ಆಮ್ಲಜನಕ ತೀರಿಸುತ್ತವೆ, ಹುಳ ಸಾಯುತ್ತದೆ. (ಹಗೇವು ತೆಗೆದ ಕೂಡಲೇ ಯಾರನ್ನೂ ಇಳಿಸದಿದ್ದದ್ದು ಅದಕ್ಕೇ.) ಕೊಳವೆ ನೋಡಲು ವಾರವಾರ ಬಾಯಿ ಬಿಚ್ಚಿದರೆ ಹೊಸ ಗಾಳಿ ಒಳಗೆ ಹೋಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ದಿನಾ ಜೋಳ ತೆಗೆಯುವ ನನಗೆ ಚೀಲ ಹೊಂದುವುದಿಲ್ಲ.

ನೆರೆಮನೆಯ ಮರಾಠಿ ಕಾಕು ಗೋಧಿಗೆ ಹರಳೆಣ್ಣೆ ಸವರಿಡುತ್ತಾರೆ, ಒಳ್ಳೆಯದೇ. ಆದರೆ ಎಣ್ಣೆ ಸವರಿದ ಜೋಳ ಬೀಸಿದರೆ ರೊಟ್ಟಿ ಹದಕ್ಕೆ ಬರುತ್ತದೆಂದು ನನಗೆ ನಂಬಿಕೆಯಿಲ್ಲ. ಇಲ್ಲಿನ ಅಂಗಡಿಗಳಲ್ಲಿ ಸಿಗುವ ಪಾದರಸದ ಗುಳಿಗೆಯೂ ತಿನ್ನುವ ಕಾಳಿನ ಹತ್ತಿರ ನನಗೆ ಬೇಡ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯ ಮಾತಂತೂ ಎತ್ತಲೇಬೇಡಿ. ಅದರಿಂದ ಏಳುವ ಫಾಸ್ಫೀನ್ ಅನಿಲ ಹುಳವನ್ನಷ್ಟೇ ಅಲ್ಲ, ಪಕ್ಕದ ಕೋಣೆಯಲ್ಲಿ ಮಲಗಿದವರನ್ನೂ ಕೊಂದೀತು. ಗೋದಾಮಿನಲ್ಲಿ, ತರಬೇತಾದವರ ಕೈಯಲ್ಲಿ ಇರಬೇಕಾದ ವಸ್ತು ಅದು, ಮನೆಗೆ ಅಲ್ಲ. “ಒಂದು ಗುಳಿಗೆ ಹಾಕಿ ತಾಯಿ, ವರ್ಷ ನೋಡಬೇಕಿಲ್ಲ” ಎನ್ನುವ ವ್ಯಾಪಾರಿಯ ಹತ್ತಿರ ನಾನು ಜೋಳವನ್ನೂ ಕೊಳ್ಳುವುದಿಲ್ಲ.

ತಿಂಗಳಿಗೆ ಐದಾರು ಕಿಲೊ ತರುವ ಮನೆಗೆ ಈ ಕೊಳವೆ ದಂಡ, ಅಷ್ಟನ್ನು ಕೆಲವು ದಿನ ಡೀಪ್ ಫ್ರೀಜರಿನಲ್ಲಿಟ್ಟರೆ ಮೊಟ್ಟೆಯೂ ಸಾಯುತ್ತದೆ. ಊರಿಂದ ಚೀಲಗಟ್ಟಲೆ ಜೋಳ, ಗೋಧಿ, ಅಕ್ಕಿ ತರಿಸುವವರು ತರಬಹುದು. ತೊಗರಿ, ಕಡಲೆ, ಹೆಸರಿಗೆ ಬೇರೆ ಹುಳ, ಕಾಳಿನ ಮೈಮೇಲೆಯೇ ಮೊಟ್ಟೆ ಅಂಟಿಸುವಂಥದ್ದು. ಅದಕ್ಕೆ ಅದೇ ವಿಶ್ವವಿದ್ಯಾಲಯದ ಟೂ-ಇನ್-ಒನ್ ಟ್ರ್ಯಾಪ್ ಬೇರೆಯೇ ಇದೆ, ಕೊಳ್ಳುವಾಗ ಯಾವುದೆಂದು ಕೇಳಿ ಕೊಳ್ಳಿ.