ನಾಯಿ ಕಡಿತದ ಇಂಜೆಕ್ಷನ್, ತಾಲ್ಲೂಕು ಆಸ್ಪತ್ರೆ: ಐದಕ್ಕೆ ನಾಲ್ಕು

ಬೆಳಿಗ್ಗೆ ಐದೂವರೆಗೆ ಹಾಲು ಹಾಕಲು ಹೋದಾಗ ಬೀದಿನಾಯಿಯೊಂದು ಮೀನಖಂಡಕ್ಕೆ ಬಾಯಿ ಹಾಕಿತು. ಎರಡು ಹಲ್ಲು ಇಳಿದು ರಕ್ತ ಬಂತು. ಸುಣ್ಣ ಹಚ್ಚು ಅಂದರು ಒಬ್ಬರು, ಖಾರದ ಪುಡಿ ಅಂದರು ಇನ್ನೊಬ್ಬರು. ಹತ್ತಿರದ ಕ್ಲಿನಿಕ್ಕಿನಲ್ಲಿ ಟಿಟಿ ಚುಚ್ಚಿ, ಬಿಗಿಯಾಗಿ ಬ್ಯಾಂಡೇಜು ಸುತ್ತಿ, 'ಇಷ್ಟು ಸಾಕು' ಅಂದರು. ಎಲ್ಲಿ ಸಾಕು? ಟಿಟಿ ಧನುರ್ವಾಯುವಿಗೆ, ಹುಚ್ಚುನಾಯಿ ರೋಗಕ್ಕಲ್ಲ.

ಸರ್ಕಾರಿ ಆಸ್ಪತ್ರೆಯ ಸಿಸ್ಟರ್ ಮೊದಲು ಆ ಬ್ಯಾಂಡೇಜು ಬಿಚ್ಚಿದರು. ನಲ್ಲಿ ಕೆಳಗೆ ಕಾಲಿಟ್ಟು, ಸೋಪು ಹಾಕಿ 15 ನಿಮಿಷ ತೊಳೆಯಿರಿ ಅಂದರು. ಹುಚ್ಚುನಾಯಿ ರೋಗದ ವೈರಸ್ಸಿನ ಮೇಲೆ ಕೊಬ್ಬಿನ ಪೊರೆ ಇರುತ್ತದೆ, ಸೋಪು ಅದನ್ನು ಒಡೆಯುತ್ತದೆ. ಸರಿ, ಸೋಪೆಲ್ಲಿ? ಇರಲಿಲ್ಲ. ಎದುರಿನ ಅಂಗಡಿಯಿಂದ ನಾನೇ ತಂದೆ. ಒಂದು ಮಾರ್ಕು ಕಳೆದಿದ್ದು ಇಲ್ಲಿ.

ಆಮೇಲೆ ಸೀರಮ್. ಕುದುರೆಗೆ ಲಸಿಕೆ ಹಾಕಿ, ಅದರ ರಕ್ತದಲ್ಲಿ ತಯಾರಾದ ಆಂಟಿಬಾಡಿ (ವೈರಸ್ಸನ್ನು ತಡೆಯುವ ಅಂಶ) ತೆಗೆದು ಮಾಡಿದ್ದು. ಕಿಲೋಗೆ 40 ಯೂನಿಟ್, ನಾನು 60 ಕಿಲೋ, ಅಂದರೆ 2400. ಗಾಯದ ಸುತ್ತ, ಗಾಯದೊಳಗೇ ಚುಚ್ಚುತ್ತಾರೆ. ಸುಳ್ಳು ಹೇಳಲ್ಲ, ನಾಯಿ ಕಡಿದಾಗಲೂ ಅಷ್ಟು ಕೂಗಿರಲಿಲ್ಲ. ಎರಡೂ ತೋಳಿಗೆ ಕೊಟ್ಟ ಲಸಿಕೆ ಏನೇನೂ ಅಲ್ಲ. ಒಂದೊಂದು ತೋಳಿಗೆ ಚರ್ಮದೊಳಗೆ 0.1 ಎಂ.ಎಲ್., ಸಣ್ಣ ಬೊಕ್ಕೆಯ ಹಾಗೆ ಉಬ್ಬುತ್ತದೆ, ಅಷ್ಟೇ. ಚರ್ಮದಲ್ಲಿ ಕಾವಲು ಕಾಯುವ ಕಣಗಳು ಜಾಸ್ತಿ, ಹಾಗಾಗಿ ಅಷ್ಟೇ ಸಾಕಾಗುತ್ತದೆ.

ಲಸಿಕೆ ಇದ್ದ ಮೇಲೆ ಸೀರಮ್ ಯಾಕೆ ಎಂದು ಕೇಳಿದೆ. ಸಿಸ್ಟರ್ ಹೇಳಿದ್ದು ನನ್ನ ಕಸುಬಿನ ಭಾಷೆಯಲ್ಲೇ: 'ನೀವು ಹೆಪ್ಪು ಹಾಕಿದ ತಕ್ಷಣ ಮೊಸರಾಗುತ್ತಾ?' ಲಸಿಕೆಯಲ್ಲಿರುವುದು ಸತ್ತ ವೈರಸ್. ಅದನ್ನು ನೋಡಿ ಗುರುತು ಹಿಡಿದು ನಮ್ಮ ಮೈ ಸ್ವಂತ ಆಂಟಿಬಾಡಿ ಮಾಡಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಪಕ್ಕದ ಮನೆಯಿಂದ ತಂದ ಮೊಸರು ಈ ಕುದುರೆಯದ್ದು. ವೈರಸ್ ನರ ಹೊಕ್ಕಿತು ಅಂದರೆ ಆಂಟಿಬಾಡಿಗೆ ಸಿಗುವುದು ಕಷ್ಟ. ನರದಲ್ಲೇ ನಡೆದು ಮಿದುಳು ಸೇರುತ್ತದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ.

ನಮ್ಮ ದೊಡ್ಡಪ್ಪನಿಗೆ ಹೊಟ್ಟೆ ಸುತ್ತ 14 ಇಂಜೆಕ್ಷನ್ ಕೊಟ್ಟಿದ್ದರು. ಅದು ಕುರಿಯ ಮಿದುಳಿನಿಂದ ಮಾಡಿದ್ದ ಹಳೇ ಲಸಿಕೆ, 2005ರ ಹೊತ್ತಿಗೆ ನಿಂತುಹೋಯಿತು. ಆ ಕತೆ ಕೇಳಿಯೇ ಈಗಲೂ ಜನ ಸುಮ್ನೆ ಹೆದರಿ ಆಸ್ಪತ್ರೆಗೆ ಹೋಗುವುದಿಲ್ಲ. ಈಗ ನಾಲ್ಕು ಸಲ ಹೋದರೆ ಮುಗಿಯಿತು: ಮೊದಲ ದಿನ, ಅಲ್ಲಿಂದ 3, 7, 28ಕ್ಕೆ. ಒಂದು ಪೈಸೆ ಕೇಳಲಿಲ್ಲ.

ಕಾಯಬೇಕು, ಅದು ನಿಜ. 1 ಎಂ.ಎಲ್. ಬಾಟಲಿಯಲ್ಲಿ ಐದು ಜನಕ್ಕೆ ಆಗುತ್ತದೆ, ಒಡೆದರೆ ಅವತ್ತೇ ಮುಗಿಸಬೇಕು. ಶುಕ್ರವಾರ ನಾವು ಮೂವರೇ ಇದ್ದೆವು. ಇನ್ನಿಬ್ಬರಿಗೆ ನಾಯಿ ಕಡಿಯಲಿ ಎಂದು ಕಾಯುತ್ತಾ ಕೂರಲು ಆಗುತ್ತಾ ಹೇಳಿ! ಮುಕ್ಕಾಲು ಗಂಟೆಯಾದ ಮೇಲೆ ಸಿಸ್ಟರೇ ಬೇಜಾರಾಗಿ ಬಾಟಲಿ ಒಡೆದರು. ಹೋಗುವವರು ಸಡಿಲ ತೋಳಿನ ಅಂಗಿ ಹಾಕಿಕೊಂಡು ಹೋಗಿ, ಸೋಪು ಜೇಬಿನಲ್ಲಿರಲಿ.

ಮುಂದಿನ ಮಂಗಳವಾರ ಕೊನೆಯದು. ಕಾರ್ಡನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಇಟ್ಟಿದ್ದೇನೆ.